ಐಡಿಯಾ ಹುಡುಕುವುದನ್ನು ಬಿಡಿ, ಬಳಸುವ ಮಗುವಿನ ಪಕ್ಕ ಕೂತು ನೋಡಿ

ಪೈಥಾನ್ ಚೆನ್ನಾಗಿ ಬರುತ್ತದೆ, ಜಾವಾಸ್ಕ್ರಿಪ್ಟ್ ಅಲ್ಪಸ್ವಲ್ಪ ಗೊತ್ತು, ಮಕ್ಕಳ ಕಲಿಕೆಗೆ ಬಳಸುವ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ತಂತ್ರಾಂಶಗಳಿಗೆ ಏನಾದರೂ ಮಾಡಬೇಕು, ಹೊಸಬರ ಕೈಗೆ ಎಟಕುವಂಥ, ಆದರೆ ರೆಸ್ಯೂಮೆಯಲ್ಲಿ ಎದ್ದು ಕಾಣುವಂಥ ಪ್ರಾಜೆಕ್ಟ್ ಐಡಿಯಾ ಕೊಡಿ ಅಂತ ಕೇಳಿದ್ದೀರಿ. ಇಂಜಿನಿಯರಿಂಗ್ ಓದುವಾಗ ನಾನೂ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಸೀನಿಯರ್‌ಗಳನ್ನು ಕೇಳಿದ್ದೆ. ಐಡಿಯಾಗಳು ಧಾರಾಳವಾಗಿ ಸಿಕ್ಕವು. ಅವುಗಳಲ್ಲೊಂದನ್ನು ಹಿಡಿದು ಹೊರಟಿದ್ದರಿಂದ ಏನಾಯಿತು ಅಂತ ಮೊದಲು ಹೇಳಿಬಿಡುತ್ತೇನೆ.

ನಾನು ಆರಿಸಿಕೊಂಡಿದ್ದು ಭಿನ್ನರಾಶಿ ಕಲಿಸುವ ಆಟ. ತೆರೆಯ ಮೇಲೆ ಒಂದು ವೃತ್ತ, ಅದರಲ್ಲಿ ಎಂಟೋ ಹನ್ನೆರಡೋ ಭಾಗ. ಮುಕ್ಕಾಲು ಅಂತ ಕೇಳಿದರೆ ಮಗು ಅಷ್ಟು ಭಾಗಕ್ಕೆ ಬಣ್ಣ ತುಂಬಬೇಕು. ಪುಟ್ಟ ಮಕ್ಕಳಿಗಾಗಿ ಹತ್ತಾರು ಚಟುವಟಿಕೆಗಳನ್ನು ಒಟ್ಟಿಗೆ ಕೊಡುವ ಒಂದು ತಂತ್ರಾಂಶಕ್ಕೆ ಇದನ್ನು ಸೇರಿಸಬೇಕು ಅನ್ನುವುದು ನನ್ನ ಆಸೆ. ಅದರ ಹೆಸರು ಇಲ್ಲಿ ಬೇಡ, ಅವರ ಕಡೆಯಿಂದ ಏನೂ ತಪ್ಪಾಗಿಲ್ಲ. ಅದರ ರೆಪೊವನ್ನು, ಅಂದರೆ ಕೋಡ್ ಇಟ್ಟಿರುವ ಜಾಗವನ್ನು, ಫೋರ್ಕ್ ಮಾಡಿ ನನ್ನದೇ ಒಂದು ಪ್ರತಿ ಮಾಡಿಕೊಂಡೆ, ಸೆಮಿಸ್ಟರ್ ರಜೆ ಪೂರ್ತಿ ಕೂತು ಬರೆದೆ. ಹಂತಗಳು, ಅಂಕಗಳು, ಸರಿ ಉತ್ತರಕ್ಕೆ ಚಪ್ಪಾಳೆಯ ಸದ್ದು, ಹಿನ್ನೆಲೆಗೆ ಚಂದದ ಚಿತ್ರಗಳು. ಎಲ್ಲ ಮುಗಿದ ಮೇಲೆ ಒಂದೇ ಪುಲ್ ರಿಕ್ವೆಸ್ಟ್‌ನಲ್ಲಿ (ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಸಾವಿರಾರು ಸಾಲು ಕಳಿಸಿದೆ. ವಿವರಣೆಯ ಜಾಗದಲ್ಲಿ ಬರೆದಿದ್ದು ಒಂದು ವಾಕ್ಯ: ಭಿನ್ನರಾಶಿ ಆಟ ಸೇರಿಸಿದ್ದೇನೆ.

ಕೆಲವು ವಾರ ಸುದ್ದಿಯೇ ಇಲ್ಲ. ಆಮೇಲೆ ಒಬ್ಬ ಮೇಂಟೇನರ್, ಅಂದರೆ ಆ ತಂತ್ರಾಂಶವನ್ನು ನೋಡಿಕೊಳ್ಳುವವರು, ಬಹಳ ಸೌಜನ್ಯದಿಂದ ಉತ್ತರಿಸಿದರು. ಭಿನ್ನರಾಶಿಯ ಮೇಲೆ ಇನ್ನೊಬ್ಬರು ಬೇರೊಂದು ಬ್ರಾಂಚ್‌ನಲ್ಲಿ (ಅದೇ ಕೋಡಿನ ಪ್ರತ್ಯೇಕ ಕವಲಿನಲ್ಲಿ) ಆಗಲೇ ಕೆಲಸ ಮಾಡುತ್ತಿದ್ದರು. ನನ್ನ ಚಿತ್ರಗಳು ಎಲ್ಲಿಂದ ಬಂದವು, ಯಾವ ಲೈಸೆನ್ಸ್ ಅಂತ ಎಲ್ಲೂ ಬರೆದಿರಲಿಲ್ಲ. ಲೈಸೆನ್ಸ್ ಗೊತ್ತಿಲ್ಲದ ಒಂದು ಚಿತ್ರ ಸೇರಿದರೂ ಇಡೀ ತಂತ್ರಾಂಶವನ್ನು ಹಂಚುವುದಕ್ಕೆ ತೊಡಕು. ಸೂಚನೆಯ ಪದಗಳನ್ನು ಚಿತ್ರದೊಳಗೇ ಬರೆದುಬಿಟ್ಟಿದ್ದೆ, ಹಾಗಾಗಿ ಬೇರೆ ಭಾಷೆಗೆ ಅನುವಾದ ಮಾಡುವ ದಾರಿಯೇ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವರು ಕೊನೆಯಲ್ಲಿ ಕೇಳಿದ್ದರು: ತಪ್ಪು ಉತ್ತರ ಕೊಟ್ಟ ತಕ್ಷಣ ಸರಿ ಉತ್ತರ ತೋರಿಸಿಬಿಟ್ಟರೆ ಮಗು ಯೋಚಿಸುವುದು ಯಾವಾಗ?

ಒಂದಷ್ಟು ತಿದ್ದಲು ನೋಡಿದೆ. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಪರೀಕ್ಷೆ ಬಂತು, ಕೈಬಿಟ್ಟೆ, ಕೊನೆಗೆ ಅವರೇ ಆ ರಿಕ್ವೆಸ್ಟ್ ಮುಚ್ಚಿದರು. ಆಮೇಲೆ ಬಹಳ ಕಾಲ ನಾನು ಓಪನ್ ಸೋರ್ಸ್ ಕಡೆ ತಲೆಹಾಕಲಿಲ್ಲ.

ಎಲ್ಲಿ ಎಡವಿದೆ ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಈ ಕತೆ ಕೇಳಿದವರು ಸಾಮಾನ್ಯವಾಗಿ ತಪ್ಪು ಪಾಠ ಕಲಿಯುತ್ತಾರೆ. ‘ಇನ್ನೂ ಚೆನ್ನಾಗಿ ಕೋಡ್ ಬರೆಯಬೇಕಿತ್ತು’ ಅನ್ನುತ್ತಾರೆ. ನನ್ನ ಕೋಡ್ ಓಡುತ್ತಿತ್ತು, ದೊಡ್ಡ ಬಗ್ ಏನೂ ಇರಲಿಲ್ಲ. ‘ಚಿಕ್ಕ ಚಿಕ್ಕ ತುಂಡು ಮಾಡಿ ಕಳಿಸಬೇಕಿತ್ತು’ ಅನ್ನುತ್ತಾರೆ. ಹತ್ತು ತುಂಡು ಮಾಡಿದ್ದರೂ ಇನ್ನೊಬ್ಬರು ಮಾಡುತ್ತಿದ್ದ ಕೆಲಸವನ್ನೇ ಹತ್ತು ಸಲ ಕಳಿಸಿದಂತಾಗುತ್ತಿತ್ತು, ಅಷ್ಟೆ. ತಪ್ಪು ಒಂದೇ: ಮೊದಲ ಸಾಲು ಬರೆಯುವ ಮುಂಚೆ ರೆಪೊದಲ್ಲಿ ಒಂದು ಇಶ್ಯೂ, ಅಂದರೆ ಚರ್ಚೆಯ ಟಿಪ್ಪಣಿ, ತೆರೆದು ‘ಹೀಗೊಂದು ಮಾಡಬೇಕೆಂದಿದ್ದೇನೆ, ನಿಮಗೆ ಬೇಕಾ’ ಅಂತ ಕೇಳಲಿಲ್ಲ. ಕೇಳಿದ್ದರೆ ಆ ಬ್ರಾಂಚ್ ಇದೆ ಅಂತ ಮರುದಿನವೇ ತಿಳಿಯುತ್ತಿತ್ತು. ಚಿತ್ರದ ಲೈಸೆನ್ಸ್ ನಿಯಮ ಎಲ್ಲಿದೆ ಅಂತ ಯಾರಾದರೂ ತೋರಿಸುತ್ತಿದ್ದರು. ತಪ್ಪು ಉತ್ತರಕ್ಕೆ ಏನು ಮಾಡಬೇಕು ಅನ್ನುವ ಚರ್ಚೆ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ಯಾಕೆ ಕೇಳಲಿಲ್ಲ? ಅರೆಬರೆ ಯೋಚನೆ ತೋರಿಸುವುದಕ್ಕೆ ಸಂಕೋಚ. ಮುಗಿಸಿ ತೋರಿಸಿದರೆ ಗೌರವ ಸಿಗುತ್ತದೆ ಅಂದುಕೊಂಡಿದ್ದೆ. ಕಾಲೇಜಿನ ಪ್ರಾಜೆಕ್ಟ್‌ಗಳೆಲ್ಲ ನಮಗೆ ಕಲಿಸುವುದು ಅದನ್ನೇ ಅಲ್ಲವೇ, ಮುಗಿಸಿ ತಂದು ಒಪ್ಪಿಸು ಅಂತ. ಇಲ್ಲಿ ಅದು ನಡೆಯುವುದಿಲ್ಲ. ಮುಗಿಸಿ ತಂದಷ್ಟೂ ‘ಬೇಡ’ ಅನ್ನುವುದು ಅವರಿಗೆ ಕಷ್ಟ, ಬದಲಾಯಿಸುವುದು ನಿಮಗೆ ಕಷ್ಟ.

ಮೇಂಟೇನರ್‌ಗಳ ಕಡೆಯಿಂದಲೂ ನೋಡಿ. ಮರ್ಜ್ ಆದ, ಅಂದರೆ ಮುಖ್ಯ ಕೋಡಿಗೆ ಸೇರಿದ, ಕ್ಷಣದಿಂದ ಆ ಕೋಡ್ ಅವರ ಹೆಗಲಿಗೆ ಬೀಳುತ್ತದೆ. ಬರೆದವರು ಕೆಲಸ ಸಿಕ್ಕಿ ಹೊರಟುಹೋದ ಮೇಲೂ ಅದು ಅಲ್ಲೇ ಇರುತ್ತದೆ. ಜಿಕಾಂಪ್ರಿ 2000ದಲ್ಲಿ ಶುರುವಾದ ಮಕ್ಕಳ ತಂತ್ರಾಂಶ. 2014ರ ಹೊತ್ತಿಗೆ ಅದನ್ನು ಕ್ಯೂಟಿ ಕ್ವಿಕ್ ಅನ್ನುವ ಬೇರೆ ಚೌಕಟ್ಟಿನಲ್ಲಿ ಹೊಸದಾಗಿ ಬರೆಯಲು ತೊಡಗಿದಾಗ ಹಳೆಯ ಚಟುವಟಿಕೆಗಳನ್ನು ಒಂದೊಂದಾಗಿ ಕೈಯಾರೆ ಮತ್ತೆ ಕಟ್ಟಬೇಕಾಯಿತು. 2020ರ ಜನವರಿಗೆ ಪೈಥಾನ್ 2ರ ಬೆಂಬಲ ಕೊನೆಗೊಂಡಾಗ ಶುಗರ್ ಅನ್ನುವ ಇನ್ನೊಂದು ಮಕ್ಕಳ ತಂತ್ರಾಂಶದ ಚಟುವಟಿಕೆಗಳನ್ನೂ ಯಾರಾದರೂ ಕೂತು ಪೈಥಾನ್ 3ಕ್ಕೆ ತರಲೇಬೇಕಿತ್ತು. ಇಂಥ ಕೆಲಸ ಮಾಡುವವರಲ್ಲಿ ಬಹುಪಾಲು ಜನ ತಮ್ಮ ಬಿಡುವಿನ ವೇಳೆ ಕೊಡುವವರು. ಹೊಸ ಆಟ ಅಂದರೆ ಅವರಿಗೆ ಮೊದಲು ಕಾಣುವುದು ಇನ್ನು ಮುಂದಿನ ವರ್ಷಗಳ ರಿಪೇರಿ.

ನನ್ನನ್ನು ವಾಪಸ್ ಕರೆತಂದಿದ್ದು ಅಕ್ಕನ ಮಗಳು. ಎರಡನೇ ಕ್ಲಾಸು. ಬ್ರೌಸರ್‌ನಲ್ಲಿ ಓಡುವ ಒಂದು ಗಣಿತದ ಅಭ್ಯಾಸ, ಅದೂ ಓಪನ್ ಸೋರ್ಸ್, ಫೋನಿನಲ್ಲಿ ಆಡುತ್ತಿದ್ದಳು. ಪ್ರಶ್ನೆ ಹದಿನೈದರಲ್ಲಿ ಎಂಟು ಕಳೆದರೆ ಎಷ್ಟು. ಕನ್ನಡ ಕೀಲಿಮಣೆಯಲ್ಲಿ ‘೭’ ಒತ್ತಿದಳು. ಕೆಂಪು ಗುರುತು ಬಂತು. ಅಳಿಸಿ ಮತ್ತೆ ‘೭’ ಒತ್ತಿದಳು, ಮತ್ತೆ ಕೆಂಪು. ಆಗ ಬೆರಳು ಮಡಚಿ ಮೊದಲಿನಿಂದ ಎಣಿಸಿದಳು, ಒಂದು ಕ್ಷಣ ತಡೆದು ‘೮’ ಒತ್ತಿದಳು. ತಾನು ಮಾಡಿದ ಲೆಕ್ಕವೇ ತಪ್ಪು ಅಂತ ಅವಳಿಗೆ ಅನ್ನಿಸಿತ್ತು. ಸರಿ ಉತ್ತರ ಗೊತ್ತಿದ್ದ ಮಗು ಯಂತ್ರದ ಮಾತು ನಂಬಿ ತಪ್ಪು ಉತ್ತರಕ್ಕೆ ಹೋದದ್ದನ್ನು ಕಣ್ಣಾರೆ ನೋಡಿದೆ. ಅದು ನನಗೆ ತಡೆದುಕೊಳ್ಳಲಾಗಲಿಲ್ಲ.

ಕಾರಣ ಬಹಳ ಸರಳ. ಅಕ್ಷರವನ್ನು ಸಂಖ್ಯೆಯಾಗಿಸುವ ಪೈಥಾನ್‌ನ ‘ಇಂಟ್’ಗೆ ‘೭’ ಕೊಟ್ಟರೆ ಏಳು ಅಂತಲೇ ಓದಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್‌ನ ‘ಪಾರ್ಸ್‌ಇಂಟ್’ ಅದನ್ನು ಸಂಖ್ಯೆಯೇ ಅಲ್ಲ ಅನ್ನುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯಾ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ೦ರಿಂದ ೯ರವರೆಗಿನ ಕನ್ನಡ ಅಂಕಿಗಳು ಸಾಲಾಗಿ ಕೂತಿವೆ, ಹಾಗಾಗಿ ಅಂಕಿಯ ಸಂಕೇತದಿಂದ ಸೊನ್ನೆಯ ಸಂಕೇತವನ್ನು ಕಳೆದರೆ ಬೆಲೆ ಸಿಗುತ್ತದೆ. ಕೆಲವೇ ಸಾಲಿನ ಕೋಡ್. ಈ ಸಲ ಮೊದಲು ಇಶ್ಯೂ ಬರೆದೆ: ಏನು ಒತ್ತಿದರು, ಏನಾಗಬೇಕಿತ್ತು, ಏನಾಯಿತು, ಹೀಗೆ ಸರಿಪಡಿಸಬಹುದು ಅನ್ನಿಸುತ್ತದೆ, ಮಾಡಲೇ? ಎರಡು ದಿನದೊಳಗೆ ಉತ್ತರ ಬಂತು. ದೇವನಾಗರಿ, ಅರೇಬಿಕ್ ಲಿಪಿಯ ಅಂಕಿಗಳಿಗೂ ಇದೇ ತೊಂದರೆ ಇರಬೇಕಲ್ಲ, ಎಲ್ಲಕ್ಕೂ ಸೇರಿಸಿ ಒಂದೇ ಫಂಕ್ಷನ್ ಬರೆದು, ಜೊತೆಗೆ ಅದನ್ನು ತಾನಾಗಿ ಪರೀಕ್ಷಿಸುವ ಟೆಸ್ಟ್ ಹಾಕಿ ಕೊಡಿ ಅಂದರು. ಕೊಟ್ಟೆ. ಮರ್ಜ್ ಆಯಿತು. ಆ ಟೆಸ್ಟ್ ಬರೆಯುವಾಗ ಕಲಿತಷ್ಟನ್ನು ಭಿನ್ನರಾಶಿ ಆಟದ ಸಾವಿರಾರು ಸಾಲು ನನಗೆ ಕಲಿಸಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ‘ಹೊಸ ಐಡಿಯಾ’ ಅನ್ನುವ ಭಾಗವನ್ನು ನಾನು ಒಪ್ಪುವುದಿಲ್ಲ. ಹೊಸಬರಿಗೆ ಬೇಕಿರುವುದು ಐಡಿಯಾ ಅಲ್ಲವೇ ಅಲ್ಲ. ಒಂದು ತಂತ್ರಾಂಶ ಆರಿಸಿಕೊಳ್ಳಿ, ಅದನ್ನು ನಿಜವಾಗಿ ಬಳಸುವ ಮಗುವಿನ ಪಕ್ಕ ಅಥವಾ ಮೇಷ್ಟ್ರ ಪಕ್ಕ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. ‘ಅಲ್ಲಿ ಒತ್ತು, ಇಲ್ಲಿ ಒತ್ತು’ ಅಂತ ಹೇಳಿಕೊಡಬೇಡಿ. ಎಲ್ಲಿ ಕೈ ನಿಲ್ಲುತ್ತದೆ, ಎಲ್ಲಿ ಹಿಂದಕ್ಕೆ ಹೋಗುತ್ತಾರೆ, ಎಲ್ಲಿ ಸರಿ ಉತ್ತರವನ್ನೂ ಅನುಮಾನಿಸುತ್ತಾರೆ, ಬರೆದುಕೊಳ್ಳಿ. ಆ ಚೀಟಿಯಲ್ಲಿ ನಿಮ್ಮ ವರ್ಷದ ಕೆಲಸ ಇರುತ್ತದೆ.

ನಿಮಗೆ ಪೈಥಾನ್ ಬರುವುದರಿಂದ ನನ್ನ ಆಯ್ಕೆ ಶುಗರ್. ಒಂದು ಮಗುವಿಗೆ ಒಂದು ಲ್ಯಾಪ್‌ಟಾಪ್ ಯೋಜನೆಗಾಗಿ ಹುಟ್ಟಿದ್ದು, 2008ರಿಂದ ಶುಗರ್ ಲ್ಯಾಬ್ಸ್ ನೋಡಿಕೊಳ್ಳುತ್ತಿದೆ. ಅದರ ಚಟುವಟಿಕೆಗಳು ಬಹುತೇಕ ಪೈಥಾನ್‌ನಲ್ಲಿವೆ, ಬೇರೆ ಬೇರೆ ಚಿಕ್ಕ ರೆಪೊಗಳಲ್ಲಿವೆ; ಒಂದನ್ನು ಒಂದೇ ಸಂಜೆ ಪೂರ್ತಿ ಓದಿ ಮುಗಿಸಬಹುದು. ಪೂರ್ತಿ ಓದಿ ತಲೆಯಲ್ಲಿ ಇಟ್ಟುಕೊಳ್ಳಬಹುದಾದ ಕೋಡ್ ಹೊಸಬರಿಗೆ ದೊಡ್ಡ ಧೈರ್ಯ. ಜಾವಾಸ್ಕ್ರಿಪ್ಟ್ ಕಡೆ ವಾಲುವುದಾದರೆ ಜಿಕಾಂಪ್ರಿ ನೋಡಿ. ಅದರ ಎಷ್ಟೋ ಚಟುವಟಿಕೆಗಳಲ್ಲಿ ಹಂತಗಳ ಪ್ರಶ್ನೆಗಳು ಬೇರೆಯೇ ಡೇಟಾ ಫೈಲುಗಳಲ್ಲಿರುತ್ತವೆ, ಆಟದ ಒಳಗಿನ ತರ್ಕ ಮುಟ್ಟದೆಯೇ ಮೆಟ್ಟಿಲುಗಳನ್ನು ಇನ್ನಷ್ಟು ನಿಧಾನವಾಗಿ ಏರುವಂತೆ ಜೋಡಿಸಬಹುದು. ಇದು ಸಣ್ಣ ಕೆಲಸ ಅಂತ ಅನ್ನಿಸಿದರೆ ಒಮ್ಮೆ ಕೂತು ಮಾಡಿ ನೋಡಿ. ಮೊತ್ತ ಹತ್ತು ದಾಟುವ ಕೂಡಿಕೆಯನ್ನು ಯಾವ ಹಂತದಲ್ಲಿ ತರಬೇಕು ಅಂತ ತೀರ್ಮಾನಿಸುವುದಕ್ಕೆ ಪಾಠ ಮಾಡುವವರನ್ನು ಹೋಗಿ ಕೇಳಬೇಕಾಗುತ್ತದೆ. ಇಂಟರ್ನೆಟ್ ಇಲ್ಲದ ಕಡೆ ಪಾಠಗಳನ್ನು ತಲುಪಿಸುವ ಕೋಲಿಬ್ರಿ ಕೂಡ ಒಳ್ಳೆಯದು, ಸರ್ವರ್ ಕಡೆ ಪೈಥಾನ್‌ನ ಜಾಂಗೋ, ತೆರೆಯ ಕಡೆ ಜಾವಾಸ್ಕ್ರಿಪ್ಟ್‌ನ ವ್ಯೂ. ಆದರೆ ಅದು ಎರಡನೆಯದಾಗಿರಲಿ. ಶಾಲೆ ಕಾಲೇಜುಗಳು ಆನ್‌ಲೈನ್ ಪಾಠಕ್ಕೆ ಬಳಸುವ ಮೂಡಲ್‌ನ ಮುಖ್ಯ ಕೋಡ್‌ಗೆ ಈಗಲೇ ಕೈಹಾಕಬೇಡಿ. ಅದು ಪಿಎಚ್‌ಪಿ, 2002ರಿಂದ ಬೆಳೆದುಬಂದ ಕಾಡು, ಮೊದಲ ಸಲ ಹೋದವರು ದಾರಿ ತಪ್ಪುತ್ತಾರೆ.

ಏನು ಮಾಡಬಹುದು ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಎರಡು ಜಾಗ ಹೇಳುತ್ತೇನೆ. ಮೊದಲನೆಯದು ನಮ್ಮ ಲಿಪಿ ಸಿಕ್ಕಿಹಾಕಿಕೊಳ್ಳುವ ಕಡೆಗಳು. ಪದ ಊಹಿಸುವ ಆಟಗಳನ್ನು ತೆಗೆದುಕೊಳ್ಳಿ. ‘ಸ್ತ್ರೀ’ ಮಗುವಿಗೆ ಒಂದೇ ಅಕ್ಷರ. ಜಾವಾಸ್ಕ್ರಿಪ್ಟ್‌ಗೆ ಅದರ ಉದ್ದ 6 (ಮೂರು ವ್ಯಂಜನ, ಎರಡು ಹಲಂತ, ಒಂದು ಈಕಾರ). ಅಕ್ಷರಕ್ಕೊಂದು ಖಾಲಿ ಮನೆ ತೋರಿಸುವ ಆಟ ಇಲ್ಲಿ ಆರು ಮನೆ ತೋರಿಸಿ ಸ, ತ, ರಗಳನ್ನು ಬೇರೆಬೇರೆ ಕೇಳುತ್ತದೆ. ಇನ್ನೂ ಸೂಕ್ಷ್ಮವಾದದ್ದು ದೀರ್ಘ ಈಕಾರ: ಯುನಿಕೋಡ್‌ನಲ್ಲಿ ಅದನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘದ ಗುರುತು ಅಂತ ಎರಡು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ ‘ಕೀ’. ಪಠ್ಯವನ್ನು ನಾರ್ಮಲೈಸ್ ಮಾಡದೆ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತರದೆ, ಹೋಲಿಸಿದರೆ ಮಗು ಬರೆದ ಸರಿಯಾದ ಪದವೂ ತಪ್ಪಾಗುತ್ತದೆ. ಇಂಥದ್ದನ್ನು ಕಂಡುಹಿಡಿಯುವ ಶಕ್ತಿ ಕನ್ನಡ ಓದುವ ನಿಮಗಿದೆ, ಎಷ್ಟು ಅನುಭವಿಯಾದರೂ ಬೇರೆ ಭಾಷೆಯ ಪ್ರೋಗ್ರಾಮರ್‌ಗೆ ಇದು ಸುಲಭವಾಗಿ ಹೊಳೆಯುವುದಿಲ್ಲ. ಅದನ್ನು ಬಿಟ್ಟು ಇನ್ನೊಂದು ಕ್ವಿಜ್ ಆಪ್ ಬರೆಯಲು ಹೋಗಬೇಡಿ.

ಎರಡನೆಯದು ಕಾಣಿಸದ, ಕೈಗೆ ಎಟಕದ ತೆರೆಗಳು. ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಮತ್ತು ಎಂಟರ್ ಕೀಲಿಗಳಿಂದ ಒಂದು ಚಟುವಟಿಕೆ ಮುಗಿಸಲು ಪ್ರಯತ್ನಿಸಿ. ಸರಿ ತಪ್ಪುಗಳನ್ನು ಹಸಿರು ಕೆಂಪು ಬಣ್ಣದಿಂದ ಮಾತ್ರ ತೋರಿಸಿದ್ದಾರಾ ನೋಡಿ. ಆ ಎರಡು ಬಣ್ಣಗಳನ್ನು ಬೇರೆಬೇರೆಯಾಗಿ ಕಾಣಲಾರದ ಮಗುವಿಗೆ ಅಲ್ಲಿ ಏನೂ ತಿಳಿಯುವುದಿಲ್ಲ, ಜೊತೆಗೆ ಒಂದು ಗುರುತು ಇಟ್ಟರೆ ಸಾಕು. ವೆಬ್ ಪುಟಗಳ ಪ್ರವೇಶಾರ್ಹತೆಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಇರಬೇಕು. ಅಳೆಯುವ ಸಾಧನ ಬ್ರೌಸರ್‌ನ ಡೆವಲಪರ್ ಟೂಲ್‌ಗಳಲ್ಲೇ ಇದೆ.

‘ಗುಡ್ ಫಸ್ಟ್ ಇಶ್ಯೂ’ (ಹೊಸಬರಿಗೆ ಸೂಕ್ತ) ಅಂತ ಗುರುತು ಹಾಕಿದವುಗಳನ್ನೇ ಹುಡುಕಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅಷ್ಟಾಗಿ ಹೇಳುವುದಿಲ್ಲ. ಜನಪ್ರಿಯ ರೆಪೊಗಳಲ್ಲಿ ಅವುಗಳ ಕೆಳಗೆ ‘ನನಗೆ ಕೊಡಿ’ ಅಂತ ಸಾಲುಗಟ್ಟಿರುತ್ತಾರೆ. ಅದಕ್ಕಿಂತ ಹಳೆಯ ಬಗ್ ವರದಿಗಳನ್ನು ತೆಗೆದು, ಈಗಿನ ಆವೃತ್ತಿಯಲ್ಲೂ ಹಾಗೇ ಆಗುತ್ತದಾ ಅಂತ ಪರೀಕ್ಷಿಸಿ, ಹಂತಗಳ ಸಮೇತ ಬರೆಯಿರಿ. ಮೇಂಟೇನರ್‌ಗಳು ನಿಮ್ಮ ಹೆಸರು ಗುರುತಿಟ್ಟುಕೊಳ್ಳುವುದು ಅಲ್ಲಿಂದ. ಎಐ ಬರೆದುಕೊಟ್ಟ ಪ್ಯಾಚ್‌ನ, ಅಂದರೆ ತಿದ್ದುಪಡಿಯ, ಒಂದೊಂದು ಸಾಲನ್ನೂ ನೀವು ವಿವರಿಸಲಾರಿರಿ ಅಂದರೆ ಅದನ್ನು ಕಳಿಸಬೇಡಿ, ರಿವ್ಯೂ ಮಾಡುವವರ ಸಮಯ ದೊಡ್ಡದು.

ರೆಸ್ಯೂಮೆ ವಿಷಯಕ್ಕೆ ಒಂದೇ ಮಾತು. ಮರ್ಜ್ ಆದ ಹತ್ತು ಸಾಲಿನ ಪ್ಯಾಚ್‌ನ ಕೊಂಡಿ ಕೊಟ್ಟರೆ ಸಂದರ್ಶನ ಮಾಡುವವರು ಅದರ ಕೆಳಗಿನ ಚರ್ಚೆಯನ್ನೂ ಓದಬಹುದು: ನೀವು ಹೇಗೆ ಕೇಳಿದಿರಿ, ತಿದ್ದು ಅಂದಾಗ ಹೇಗೆ ತಿದ್ದಿದಿರಿ. ಯಾರೂ ಬಳಸದ ಸ್ವಂತ ಆಪ್‌ನಲ್ಲಿ ಅದು ಸಿಗುವುದಿಲ್ಲ.

ಈ ವಾರ ಮಾಡಬೇಕಾದ್ದು ಇಷ್ಟು. ಶುಗರ್‌ನ ಒಂದು ಚಟುವಟಿಕೆಯನ್ನು, ಅವರು ಬರೆದಿಟ್ಟ ಸೂಚನೆಗಳನ್ನೇ ಅನುಸರಿಸಿ ನಿಮ್ಮ ಕಂಪ್ಯೂಟರ್‌ನಲ್ಲಿ ಓಡಿಸಿ. ಸೂಚನೆ ಎಲ್ಲಾದರೂ ಕೈಕೊಟ್ಟರೆ ಅದನ್ನು ಸರಿಪಡಿಸುವುದೇ ನಿಮ್ಮ ಮೊದಲ ಪ್ಯಾಚ್. ಕೈಕೊಡದಿದ್ದರೆ ಒಂದು ಮಗುವನ್ನು ಕೂರಿಸಿ ಆಡಿಸಿ, ಕಂಡದ್ದನ್ನು ಇಶ್ಯೂ ಆಗಿ ಬರೆಯಿರಿ, ಜೊತೆಗೆ ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಮ್ ಅನ್ನುವುದನ್ನೂ ಸೇರಿಸಿ. ಎರಡು ವಾರ ಉತ್ತರ ಬರದಿದ್ದರೆ ಅದೇ ಇಶ್ಯೂ ಕೆಳಗೆ ಒಮ್ಮೆ ನೆನಪಿಸಿ. ಅವರು ‘ಮಾಡಿ’ ಅಂದ ಮೇಲೆ ಎಡಿಟರ್ ತೆರೆಯಿರಿ.