ಹಾಲುಹಲ್ಲೇ ತಾನೇ, ಬಿಟ್ಟುಬಿಡಬಹುದಾ?

ಪ್ರಶ್ನೆ: ಮಗನಿಗೆ ನಾಲ್ಕೂವರೆ ವರ್ಷ. ಕೆಳಗಿನ ದವಡೆ ಹಲ್ಲು ಹುಳುಕಾಗಿದೆ. ಹೋದ ತಿಂಗಳು ಕೆನ್ನೆ ಊದಿ ಜ್ವರ ಬಂದಿತ್ತು. ಡಾಕ್ಟರ್ ಕೊಟ್ಟ ಆ್ಯಂಟಿಬಯಾಟಿಕ್ ಸಿರಪ್‌ಗೆ ಇಳಿಯಿತು. ಈಗ ನೋವಿಲ್ಲ, ಒಸಡಿನ ಮೇಲೆ ಚಿಕ್ಕ ಗುಳ್ಳೆ ಮಾತ್ರ ಬಂದು ಬಂದು ಹೋಗುತ್ತದೆ. ‘ಹಾಲುಹಲ್ಲು, ತಾನೇ ಬೀಳುತ್ತೆ ಬಿಡು’ ಅಂತಾರೆ ಅತ್ತೆ. ಕೀಳಿಸಿದರೆ ಮುಂದಿನ ಹಲ್ಲು ಸೊಟ್ಟ ಬರುತ್ತಾ ಅನ್ನೋ ಭಯ ನನಗೆ.
– ಒಬ್ಬ ತಾಯಿ, ಹಾಸನ

ಉತ್ತರ: ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ. ನೋವು ನಿಂತಿದೆ ಅಂದರೆ ವಾಸಿಯಾಗಿದೆ ಅಂತಲ್ಲ, ಹಲ್ಲಿನೊಳಗಿನ ನರ ಸತ್ತಿರಬಹುದು. ಆ ಗುಳ್ಳೆ ಬೇರಿನ ಬುಡದ ಕೀವು ಹೊರಗೆ ಬರುವ ದಾರಿ. ಸಿರಪ್ಪು ಸುತ್ತಲಿನ ಊತ ಇಳಿಸುತ್ತದೆ ನಿಜ, ಆದರೆ ಸತ್ತ ಹಲ್ಲಿನೊಳಗೆ ರಕ್ತವೇ ಓಡುವುದಿಲ್ಲ, ಔಷಧಿ ಅಲ್ಲಿಗೆ ತಲುಪುವುದಾದರೂ ಹೇಗೆ ಹೇಳಿ? ಇನ್ನು ಬೀಳಲಿ ಅಂತ ಕಾಯೋಣ ಅಂದರೆ, ಹಾಲುಹಲ್ಲಲ್ಲಿ ಕೆಳಗಿನ ದವಡೆ ಹಲ್ಲು ಬೀಳುವುದೇ 9ರಿಂದ 12 ವರ್ಷದೊಳಗೆ. ಅಲ್ಲೀವರೆಗೂ ಮಗು ಕೀವು ಇಟ್ಟುಕೊಂಡೇ ಇರಬೇಕಾ?

ನನಗೆ ಜಾಸ್ತಿ ಹೆದರಿಕೆ ಆ ಕೀವು ಒಳಗೆ ಹರಡೋದರ ಬಗ್ಗೆ. ಕೆಳಗಿನ ಹಲ್ಲಿನ ಕೀವು ಗದ್ದದ ಕೆಳಗೆ, ನಾಲಿಗೆಯ ಅಡಿಗೆ ಇಳಿದರೆ ನಾಲಿಗೆ ಮೇಲಕ್ಕೆದ್ದು ಉಸಿರಿನ ದಾರಿಯೇ ಕಟ್ಟಿಹೋಗಬಹುದು. ಇದಕ್ಕೆ ಲುಡ್ವಿಗ್ಸ್ ಆ್ಯಂಜೈನಾ ಅಂತಾರೆ, ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲೇ ಇದನ್ನು ಬರೆದಿಟ್ಟಿದ್ದರು. ಮೇಲಿನ ಹಲ್ಲಿನದಾದರೆ ಕಣ್ಣಿನ ಕಡೆ ಏರುತ್ತದೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 2007ರಲ್ಲಿ 12 ವರ್ಷದ ಹುಡುಗನೊಬ್ಬ ಹಲ್ಲಿನ ಸೋಂಕು ಮಿದುಳಿಗೆ ಹೋಗಿ ತೀರಿಕೊಂಡ. ಹೀಗಾಗುವುದು ಅಪರೂಪ. ಆದರೆ ಶುರುವಾಗುವುದು ನಿಮ್ಮ ಮಗನಿಗೆ ಇರುವಂಥ ಹುಳುಕಿನಿಂದಲೇ.

ಮತ್ತೆ ಊದಿದರೆ ಮನೆಯಲ್ಲಿ ಉಳಿದ ಸಿರಪ್ ಕೊಡಬೇಡಿ, ಬಿಸಿ ಶಾಖವೂ ಬೇಡ. ಮಗು ನುಂಗಲಾಗದೆ ಜೊಲ್ಲು ಸುರಿಸುತ್ತಿದ್ದರೆ, ಬಾಯಿ ಅಗಲಿಸಲು ಆಗದಿದ್ದರೆ, ದನಿ ಬದಲಾದರೆ, ಗದ್ದದ ಕೆಳಗೆ ಗಟ್ಟಿಯಾಗಿ ಊದಿದರೆ, ಕಣ್ಣು ಮುಚ್ಚಿಕೊಂಡರೆ ಅಥವಾ ಜ್ವರದಲ್ಲಿ ಮಂಕಾಗಿ ಮಲಗಿಬಿಟ್ಟರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ.

ಇನ್ನು ಕೀಳಿಸುವ ಮಾತು. ಎಕ್ಸ್‌ರೇ ನೋಡಿ, ಉಳಿಸುವಂತಿದ್ದರೆ ನರದ ಜಾಗ ಕ್ಲೀನ್ ಮಾಡಿ ಕ್ಯಾಪ್ ಹಾಕುತ್ತಾರೆ. ಆಗದಿದ್ದರೆ ಕೀಳಿಸಿ, ಹಿಂಜರಿಯಬೇಡಿ. ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲದ ಹಾಗೆ ಸ್ಪೇಸ್ ಮೇಂಟೇನರ್ ಅನ್ನುವ ಚಿಕ್ಕ ತಂತಿ ಕೂರಿಸುತ್ತಾರೆ, ಹೊಸ ಹಲ್ಲು ಇಣುಕಿದಾಗ ಅದನ್ನು ತೆಗೆದುಬಿಡುತ್ತಾರೆ.