‘ಕರ್ಕಶ’ ಅನ್ನೋ ಪದದ ಅರ್ಥವೇನು, ಎಲ್ಲಿಂದ ಬಂತು?

ಕಿವಿಗೆ ಚುಚ್ಚುವಂಥ ಒರಟು ಸದ್ದಿಗೆ ಕರ್ಕಶ ಅಂತೀವಿ. ಪದ ಸಂಸ್ಕೃತದ್ದು. ಅಲ್ಲಿ ಅದಕ್ಕೆ ಮುಟ್ಟಿದರೆ ಗಟ್ಟಿ, ತರಕಲು ಅನ್ನೋ ಅರ್ಥವೂ ಇದೆ. ಕೈಗೆ ಹತ್ತುವ ಒರಟುತನವೇ ಕಿವಿಗೂ ಬಂತು.

ಎರಡಕ್ಕೂ ನಂಟು ಸುಮ್ನೆ ಅಲ್ಲ. ಮಂಡ್ಯದ ಕಡೆ ಆಲೆಮನೆಯಲ್ಲಿ ಕೊಪ್ಪರಿಗೆಯ ತಳಕ್ಕೆ ಹತ್ತಿದ್ದನ್ನು ಕಬ್ಬಿಣದ ಸಲಿಕೆಯಿಂದ ಕೆರೆಯುವಾಗ ಕೇಳಿ, ಹಲ್ಲು ಜುಮ್ ಅನ್ನುತ್ತೆ. ಲೋಹದ ಮೇಲೆ ಲೋಹ ನುಣ್ಣಗೆ ಜಾರಲ್ಲ. ಸಿಕ್ಕಿಕೊಳ್ಳುತ್ತೆ, ಬಿಡಿಸಿಕೊಳ್ಳುತ್ತೆ, ಮತ್ತೆ ಸಿಕ್ಕಿಕೊಳ್ಳುತ್ತೆ, ಅದೂ ಸೆಕೆಂಡಿಗೆ ನೂರಾರು ಸಲ. ಆ ಅದುರಾಟವೇ ನಮಗೆ ಕೇಳೋದು.

ನಮ್ಮ ಆಡುಮಾತಿನ ‘ಕಿರ್ರ್’ ಬೇರೆ ಜಾತಿ. ಅದು ಸದ್ದನ್ನೇ ಅಣಕಿಸಿ ಹುಟ್ಟಿದ ಮಾತು, ವ್ಯಾಕರಣದಲ್ಲಿ ಅನುಕರಣಾವ್ಯಯ. ನನಗಂತೂ ಅದೇ ಜಾಸ್ತಿ ಇಷ್ಟ.