'ಅಕಿರಾ' ನೋಡಲು 4ಕೆ ಡಿಸ್ಕೇ ಬೇಕಾ?

ಮನೆಯಲ್ಲಿ 4ಕೆ ಟಿವಿ ಇದೆ, ಜಪಾನಿನ ಅನಿಮೇಷನ್ ಸಿನಿಮಾ 'ಅಕಿರಾ' ಇನ್ನೂ ನೋಡಿಲ್ಲ, ಆನ್‌ಲೈನ್‌ನಲ್ಲೇ ನೋಡಿದರೆ ಸಾಕಾ ಅಥವಾ ಡಿಸ್ಕ್ ತರಿಸಬೇಕಾ ಅಂತ ಕೇಳಿದ್ದೀರಿ. ತರಿಸಿ. ಎಲ್ಲ ಸಿನಿಮಾಗಳಿಗೂ ನಾನು ಈ ಮಾತು ಹೇಳುವುದಿಲ್ಲ. ಆದರೆ ಈ ಚಿತ್ರದ ಜೀವ ಇರುವುದೇ ಕತ್ತಲಲ್ಲಿ ಮತ್ತು ಸದ್ದಿನಲ್ಲಿ. ಸ್ಟ್ರೀಮಿಂಗ್‌ನಲ್ಲಿ ಮೊದಲು ಪೆಟ್ಟು ತಿನ್ನುವುದೂ ಅವೆರಡೇ.

ಕತ್ಸುಹಿರೊ ಓಟೊಮೊ ತಮ್ಮದೇ ಮಾಂಗಾವನ್ನು (ಜಪಾನಿ ಕಾಮಿಕ್ಸ್) 1988ರಲ್ಲಿ ಸಿನಿಮಾ ಮಾಡಿದರು. 2019ರ ನಿಯೋ-ಟೋಕಿಯೋ, ಬೈಕ್ ಗ್ಯಾಂಗಿನ ಕನೇಡ, ಅವನ ಗೆಳೆಯ ತೆತ್ಸುವೊ, ತೆತ್ಸುವೊಗೆ ಬರುವ ಹಿಡಿತಕ್ಕೆ ಸಿಗದ ಶಕ್ತಿ. ಕಥೆ ಇಷ್ಟು ಗೊತ್ತಿದ್ದರೆ ಸಾಕು.

ಶುರುವಿನ ಬೈಕ್ ರೇಸನ್ನೇ ನೋಡಿ. ಬೈಕ್ ತಿರುಗಿ ಮುಂದೆ ಹೋದರೂ ಹಿಂದಿನ ದೀಪದ ಕೆಂಪು ಗೆರೆ ಒಂದು ಕ್ಷಣ ಗಾಳಿಯಲ್ಲೇ ಉಳಿಯುತ್ತದೆ. ಎಲ್ಲವೂ ಕೈಯಲ್ಲಿ ಬರೆದದ್ದು. ಚಿತ್ರಕ್ಕೆ 1,60,000ಕ್ಕೂ ಹೆಚ್ಚು ಸೆಲ್‌ಗಳನ್ನು (ಚಿತ್ರ ಬರೆಯುವ ಪಾರದರ್ಶಕ ಹಾಳೆ) ಬಳಸಿದ್ದಾರೆ, 327 ಬಣ್ಣ. ರಾತ್ರಿಯ ದೃಶ್ಯಗಳೇ ಜಾಸ್ತಿ ಇರುವುದರಿಂದ ನೀಲಿ, ಹಸಿರಿನಲ್ಲೇ ಎಷ್ಟೋ ಛಾಯೆಗಳಿವೆ. ನೆಟ್ ಸ್ವಲ್ಪ ನಿಧಾನವಾದರೂ ಆ ಕತ್ತಲು ಚೌಕ ಚೌಕವಾಗಿ ಒಡೆಯುತ್ತದೆ. 35 ಎಂಎಂ ಫಿಲ್ಮನ್ನು ಹೊಸದಾಗಿ ಸ್ಕ್ಯಾನ್ ಮಾಡಿ 2020ರಲ್ಲಿ ಜಪಾನಿನಲ್ಲಿ 4ಕೆ ಡಿಸ್ಕ್ ತಂದರು. ಅದರಲ್ಲಿ ನಿಯಾನ್ ಬೋರ್ಡುಗಳು ನಿಜವಾಗಿಯೂ ಉರಿಯುತ್ತವೆ, ಅವುಗಳ ಪಕ್ಕದ ಗಲ್ಲಿಯ ಗೋಡೆಯೂ ಕಾಣುತ್ತದೆ. ಒಂದು ಎಚ್ಚರಿಕೆ: ಟಿವಿಯ ಬೆಳಕು ಕಡಿಮೆ ಇದ್ದರೆ ಎಚ್‌ಡಿಆರ್‌ನಲ್ಲಿ (ಬೆಳಕು-ಕತ್ತಲಿನ ಅಂತರ ಹೆಚ್ಚಿಸಿ ತೋರಿಸುವ ವಿಧಾನ) ಚಿತ್ರ ಇನ್ನೂ ಮಂಕಾಗುತ್ತದೆ. ಅಂಥ ಟಿವಿಗೆ 4ಕೆ ಅಲ್ಲದ ಮಾಮೂಲಿ ಬ್ಲೂ-ರೇ ಡಿಸ್ಕೇ ವಾಸಿ.

ಇನ್ನು ಸದ್ದು. ಸಿನಿಮಾ ಶುರುವಾಗುವಾಗ ಇಡೀ ಟೋಕಿಯೋವನ್ನು ಬಿಳಿ ಬೆಳಕು ನುಂಗುತ್ತದೆ, ಆಗ ಸಂಗೀತವೇ ಇಲ್ಲ. ಆಮೇಲೆ ರೇಸಿಗೆ ಗೇನೋ ಯಾಮಶಿರೋಗುಮಿ ತಂಡದ ಬಾಲಿ ದ್ವೀಪದ ಬಿದಿರು ವಾದ್ಯಗಳು, 'ರಸ್ಸೆರಾ' ಎಂಬ ಜಾತ್ರೆಯ ಕೂಗು. ಟಿವಿಯ ಸ್ಪೀಕರ್ ಆ ದಪ್ಪ ಬಿದಿರಿನ ನಾದವನ್ನು ತಡೆದುಕೊಳ್ಳುವುದಿಲ್ಲ, ಒಳ್ಳೆಯ ಹೆಡ್‌ಫೋನ್ ಆದರೂ ಹಾಕಿಕೊಳ್ಳಿ. ಜಪಾನಿ ಭಾಷೆಯಲ್ಲೇ ನೋಡಿ, ಸಬ್‌ಟೈಟಲ್ ಇದ್ದೇ ಇರುತ್ತದೆ ಅಲ್ವಾ? ಇಲ್ಲಿ ಮೊದಲು ದನಿ ರೆಕಾರ್ಡ್ ಮಾಡಿ ಆಮೇಲೆ ಅದಕ್ಕೆ ತಕ್ಕಂತೆ ತುಟಿ ಬರೆದಿದ್ದಾರೆ. ಡಬ್‌ನಲ್ಲಿ ಆ ಕೆಲಸವೆಲ್ಲ ಸುಮ್ನೆ ಹೋಗಿಬಿಡುತ್ತದೆ.

ಚಿತ್ರದಲ್ಲಿ ಕೊರತೆ ಇಲ್ಲ ಅಂತಲ್ಲ. ಮಾಂಗಾ ಮುಗಿದದ್ದೇ ಸಿನಿಮಾ ಬಂದ ಮೇಲೆ, 1990ರಲ್ಲಿ. ಅಷ್ಟು ದೊಡ್ಡ ಕಥೆಯನ್ನು ಎರಡು ಗಂಟೆಗೆ ಇಳಿಸಿದ್ದರಿಂದ ದ್ವಿತೀಯಾರ್ಧ ಗಡಿಬಿಡಿ. ಮಾಂಗಾದಲ್ಲಿ ಮುಖ್ಯ ಪಾತ್ರವಾದ ಮಿಯಾಕೊ ಸಿನಿಮಾದಲ್ಲಿ ಬಂದದ್ದೂ ಗೊತ್ತಾಗುವುದಿಲ್ಲ. ಮೊದಲ ಸಲ ನೋಡುವಾಗ ಎಲ್ಲ ಅರ್ಥವಾಗದಿದ್ದರೆ ಬೇಸರ ಬೇಡ. ಆಸ್ಪತ್ರೆಯಲ್ಲಿ ಗೊಂಬೆಗಳು ದೊಡ್ಡದಾಗುತ್ತಾ ತೆತ್ಸುವೊನ ಮೇಲೆ ಬರುವ ದೃಶ್ಯಕ್ಕೆ ಯಾವ ವಿವರಣೆಯೂ ಬೇಕಿಲ್ಲ, ಮೈ ಜುಮ್ಮೆನ್ನುತ್ತದೆ. ರಕ್ತಪಾತ ತುಂಬಾ ಇದೆ, ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಬೇಡಿ.

ತರಿಸುವ ಮುಂಚೆ ಇದನ್ನು ನೋಡಿಕೊಳ್ಳಿ. ಮಾಮೂಲಿ ಬ್ಲೂ-ರೇಗೆ ರೀಜನ್ (ಯಾವ ದೇಶದ ಪ್ಲೇಯರ್‌ಗೆ ಯಾವ ಡಿಸ್ಕ್ ಎಂಬ) ಕಟ್ಟುಪಾಡು ಇದೆ: ಅಮೆರಿಕ, ಜಪಾನ್ 'ಎ', ನಾವು 'ಸಿ'. ಅಲ್ಲಿನ ಡಿಸ್ಕ್ ಇಲ್ಲಿನ ಪ್ಲೇಯರ್‌ನಲ್ಲಿ ಓಡದೇ ಇರಬಹುದು. 4ಕೆ ಡಿಸ್ಕಿಗೆ ಆ ತಾಪತ್ರಯ ಇಲ್ಲ. ಆದರೆ ಅದಕ್ಕೆ 4ಕೆ ಪ್ಲೇಯರೇ ಬೇಕು. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಆಗುತ್ತದೆ, ಪ್ಲೇಸ್ಟೇಷನ್ 4 ಆಗುವುದಿಲ್ಲ.